ಜಾನುವಾರು ರೋಗ ಮತ್ತು ಚಿಕಿತ್ಸೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಮೂಲ ಪದಗಳು

‘ಇಂಜೆಕ್ಷನ್ ಹಾಕಿಸಿದ್ದೆವು, ಆದರೂ ಹಸು ಸತ್ತಿತು.’ ಗ್ರಾಮಸಭೆಯಲ್ಲಿ ಪಶುಪಾಲನೆಯ ವಿಷಯ ಚರ್ಚೆಗೆ ಬಂದಾಗ ಮೇಲಿಂದ ಮೇಲೆ ಕೇಳಿಬರುವ ದೂರು ಇದು. ದೂರು ಹೇಳುವ ರೈತರು ಸುಳ್ಳಾಡುತ್ತಿರುವುದಿಲ್ಲ. ಉತ್ತರಿಸುವ ಪಶುವೈದ್ಯರೂ ಬಹುಮಟ್ಟಿಗೆ ಸರಿಯಾದುದನ್ನೇ ಹೇಳುತ್ತಿರುತ್ತಾರೆ. ತೊಡಕು ಇರುವುದು ‘ಇಂಜೆಕ್ಷನ್’ ಎಂಬ ಒಂದು ಪದದಲ್ಲಿ. ರೋಗ ಬಾರದಂತೆ ಮುಂಚಿತವಾಗಿ ಹಾಕುವ ಲಸಿಕೆಯೂ ಇಂಜೆಕ್ಷನ್, ರೋಗ ಬಂದ ಮೇಲೆ ನೀಡುವ ಔಷಧವೂ ಇಂಜೆಕ್ಷನ್, ಜ್ವರ ಮತ್ತು ನೋವು ತಗ್ಗಿಸಲು ಕೊಡುವುದೂ ಇಂಜೆಕ್ಷನ್. ಕೃತಕ ಗರ್ಭಧಾರಣೆಯನ್ನು ಸಹ ಅನೇಕ ಊರುಗಳಲ್ಲಿ ಇಂಜೆಕ್ಷನ್ ಕೊಡಿಸುವುದೆಂದೇ ಹೇಳುತ್ತಾರೆ. ನಾಲ್ಕು ಬೇರೆ ಬೇರೆ ಕೆಲಸಗಳಿಗೆ ಒಂದೇ ಹೆಸರಿರುವಾಗ, ಸತ್ತ ಹಸುವಿಗೆ ಯಾವ ರೋಗಕ್ಕಾಗಿ, ಯಾವ ದಿನ, ಏನನ್ನು ಹಾಕಲಾಗಿತ್ತು ಎಂಬುದು ತಿಳಿಯದೆಯೇ ಚರ್ಚೆ ಮುಗಿಯುತ್ತದೆ. ಮುಂದಿನ ಲಸಿಕೆಯ ಸುತ್ತಿನಲ್ಲಿ ಆ ಬೀದಿಯ ಹತ್ತು ಮನೆಗಳವರು ಕೊಟ್ಟಿಗೆಯ ಬಾಗಿಲು ತೆರೆಯುವುದಿಲ್ಲ. ಒಂದು ಪದದ ಗೊಂದಲಕ್ಕೆ ಹೀಗೆ ರಾಸುಗಳ ಪ್ರಾಣ ಬೆಲೆಯಾಗುತ್ತದೆ.

ಚಿಕಿತ್ಸೆ ನೀಡುವುದು ಪಶುವೈದ್ಯರ ಕೆಲಸವೇ ಹೊರತು ಪಂಚಾಯಿತಿಯದಲ್ಲ. ಆದರೆ ರೋಗದ ಸುದ್ದಿಯನ್ನು ಮೊದಲು ಕೇಳಿಸಿಕೊಳ್ಳಬೇಕಾದ ಸ್ಥಾನದಲ್ಲಿ ಪಂಚಾಯಿತಿಯನ್ನು ಕಾನೂನೇ ನಿಲ್ಲಿಸಿದೆ. ಪ್ರಾಣಿಗಳಲ್ಲಿನ ಸೋಂಕು ಹಾಗೂ ಅಂಟುರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ಸಂಸತ್ತು 2009ರಲ್ಲಿ ಮಾಡಿದ ಅಧಿನಿಯಮದ 4ನೇ ಪ್ರಕರಣದಂತೆ, ತನ್ನ ವಶದಲ್ಲಿರುವ ಪ್ರಾಣಿಗೆ ಅನುಸೂಚಿತ ರೋಗ ತಗುಲಿದೆ ಎಂದು ನಂಬಲು ಕಾರಣವಿರುವ ಯಾವುದೇ ಮಾಲೀಕ ಅಥವಾ ವ್ಯಕ್ತಿಯು ಅದನ್ನು ಗ್ರಾಮಾಧಿಕಾರಿಗೆ ಇಲ್ಲವೇ ಗ್ರಾಮ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಂದ ಆ ವಿಷಯ ಸಮೀಪದ ಪಶುವೈದ್ಯರಿಗೆ ಲಿಖಿತವಾಗಿ ಹೋಗಬೇಕು. ‘ಅನುಸೂಚಿತ ರೋಗ’ ಎಂದರೆ ಆ ಅಧಿನಿಯಮದ ಅನುಸೂಚಿಯಲ್ಲಿ ಹೆಸರಿಸಲಾದ ರೋಗ. ಕಾಲುಬಾಯಿ ರೋಗ, ನೆರಡಿ ರೋಗ ಎನ್ನಲಾಗುವ ಆಂತ್ರಾಕ್ಸ್, ರೇಬೀಸ್, ಕಂದುರೋಗ ಎನ್ನಲಾಗುವ ಬ್ರುಸೆಲ್ಲೋಸಿಸ್, ಕುರಿ ಮೇಕೆಗಳ ಪಿಪಿಆರ್ ಇವೆಲ್ಲವೂ ಅದರಲ್ಲಿವೆ. ಬಂದ ಸುದ್ದಿಯನ್ನು ಸರಿಯಾದ ಪದಗಳಲ್ಲಿ ಮುಂದಕ್ಕೆ ಕಳುಹಿಸಲು ಬೇಕಾಗುವಷ್ಟು ತಿಳಿವಳಿಕೆಯನ್ನು ಇಲ್ಲಿ ವಿವರಿಸಲಾಗಿದೆ.

ಲಕ್ಷಣವೇ ರೋಗವಲ್ಲ

ರೋಗವನ್ನು ಉಂಟುಮಾಡುವ ಜೀವಿಗೆ ರೋಗಕಾರಕ ಎಂದು ಹೆಸರು. ವೈರಾಣು, ಬ್ಯಾಕ್ಟೀರಿಯಾ, ಶಿಲೀಂಧ್ರ, ರಕ್ತದಲ್ಲಿ ನೆಲೆಸುವ ಏಕಕೋಶ ಜೀವಿಗಳು, ಹೊಟ್ಟೆಯ ಜಂತುಹುಳುಗಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಈ ವಿಂಗಡಣೆ ಪಠ್ಯಪುಸ್ತಕದ ಪಾಠದಂತೆ ಕಂಡರೂ ಒಂದು ಕಾರಣಕ್ಕಾಗಿ ನೆನಪಿನಲ್ಲಿರಬೇಕು: ಒಂದು ಬಗೆಯ ರೋಗಕಾರಕವನ್ನು ಕೊಲ್ಲುವ ಔಷಧ ಇನ್ನೊಂದನ್ನು ಮುಟ್ಟುವುದೂ ಇಲ್ಲ.

ರೋಗವು ಹೊರಗೆ ತೋರುವ ಗುರುತು ಲಕ್ಷಣ. ಜ್ವರ, ಮೇವು ಬಿಡುವುದು, ಹಾಲು ಇಳಿಯುವುದು, ಕುಂಟುವುದು, ಜೊಲ್ಲು ಸುರಿಸುವುದು ಇವು ಲಕ್ಷಣಗಳೇ ಹೊರತು ರೋಗದ ಹೆಸರುಗಳಲ್ಲ. ಒಂದೇ ಲಕ್ಷಣ ಹಲವು ರೋಗಗಳಲ್ಲಿ ಕಾಣಿಸಬಹುದು. ಜೊಲ್ಲು ಸುರಿಸುವುದನ್ನೇ ತೆಗೆದುಕೊಂಡರೆ, ಕಾಲುಬಾಯಿ ರೋಗದಲ್ಲಿ ಬಾಯಿ ಹುಣ್ಣಾಗಿ ಜೊಲ್ಲು ಇಳಿಯುತ್ತದೆ, ಕೀಟನಾಶಕ ತಗುಲಿದ ಮೇವು ತಿಂದರೂ ಇಳಿಯುತ್ತದೆ, ಗಂಟಲಿನಲ್ಲಿ ಗೆಣಸೋ ಮಾವಿನ ಓಟೆಯೋ ಸಿಕ್ಕಿಕೊಂಡರೂ ಇಳಿಯುತ್ತದೆ, ರೇಬೀಸ್‌ನಲ್ಲಿಯೂ ಇಳಿಯುತ್ತದೆ. ಈ ಕೊನೆಯದೇ ಅಪಾಯಕಾರಿ. ಹುಚ್ಚುನಾಯಿ ಯಾವಾಗ, ಎಲ್ಲಿ ಕಚ್ಚಿತೆಂಬುದು ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಸು ನುಂಗಲಾರದೆ, ವಿಚಿತ್ರ ಧ್ವನಿಯಲ್ಲಿ ಅರಚುತ್ತ ನಿಂತಾಗ, ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಮನೆಯವರು ಬರಿಗೈಯನ್ನು ಅದರ ಬಾಯೊಳಗೆ ಹಾಕಿ ನೋಡುವುದುಂಟು. ಕೈಯ ಮೇಲೆ ಸಣ್ಣದೊಂದು ತರಚುಗಾಯವಿದ್ದರೂ ಜೊಲ್ಲಿನಲ್ಲಿರುವ ವೈರಾಣು ದೇಹವನ್ನು ಸೇರಬಹುದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ದನಕ್ಕಾಗಲೀ ಮನುಷ್ಯರಿಗಾಗಲೀ ಬದುಕಿಸುವ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಹೀಗೆ ಕೈ ಹಾಕಿದವರು ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಪಡೆಯಬೇಕು. ಹಸು ಸತ್ತ ನಂತರ ಅದನ್ನು ಮುಟ್ಟಿದವರೆಲ್ಲರ ಪಟ್ಟಿ ಮಾಡಿ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರೆ ಅದು ಸದಸ್ಯರಿಂದ ಆಗುವ ಬಹುದೊಡ್ಡ ಸಹಾಯ.

ಲಕ್ಷಣಗಳನ್ನು ನೋಡಿ, ರಕ್ತ, ಹಾಲು, ಸಗಣಿ ಅಥವಾ ಗಾಯದ ಮಾದರಿಯನ್ನು ಪರೀಕ್ಷಿಸಿ ಇಂತಹದೇ ರೋಗ ಎಂದು ತೀರ್ಮಾನಿಸುವುದು ರೋಗನಿರ್ಣಯ. ಅದು ಆಗುವವರೆಗೆ ‘ಶಂಕಿತ’ ಎಂದೂ, ಆದ ಮೇಲೆ ‘ದೃಢಪಟ್ಟ’ ಎಂದೂ ಬರೆಯುವುದು ರೂಢಿ. ಪಂಚಾಯಿತಿಯ ಪತ್ರದಲ್ಲಿ ‘ಆಂತ್ರಾಕ್ಸ್ ಬಂದಿದೆ’ ಎಂದು ಬರೆಯುವುದಕ್ಕೂ ‘ಎರಡು ಹಸುಗಳು ಹಠಾತ್ತನೆ ಸತ್ತಿವೆ, ಮೂಗಿನಿಂದ ರಕ್ತ ಬಂದಿದೆ’ ಎಂದು ಬರೆಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಊಹೆ, ಎರಡನೆಯದು ಕಂಡದ್ದು. ಕಂಡದ್ದನ್ನು ಬರೆದರೆ ಸಾಕು.

ಸೋಂಕು, ಅಂಟು ಮತ್ತು ಇವೆರಡೂ ಅಲ್ಲದ್ದು

ರೋಗಕಾರಕ ಜೀವಿಯಿಂದ ಬರುವುದೆಲ್ಲವೂ ಸೋಂಕು ರೋಗ. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ನೇರವಾಗಿ ದಾಟುವುದು ಮಾತ್ರ ಅಂಟುರೋಗ. ಎಲ್ಲ ಅಂಟುರೋಗಗಳೂ ಸೋಂಕು ರೋಗಗಳೇ, ಆದರೆ ಎಲ್ಲ ಸೋಂಕು ರೋಗಗಳೂ ಅಂಟುವುದಿಲ್ಲ.

ಕಾಲುಬಾಯಿ ರೋಗ ಅಂಟುರೋಗಕ್ಕೆ ತಕ್ಕ ಉದಾಹರಣೆ. ಜೊಲ್ಲು, ಉಸಿರು, ಹಾಲು, ಒಂದೇ ತೊಟ್ಟಿಯ ನೀರು, ಹಾಲು ಕರೆಯುವವರ ಕೈ, ಮೇವಿನ ಗಾಡಿಯ ಚಕ್ರ ಎಲ್ಲದರ ಮೂಲಕವೂ ಅದು ಹರಡುತ್ತದೆ. ಇಲ್ಲಿ ರೋಗಿಯನ್ನು ಬೇರೆ ಕಟ್ಟುವುದು, ಊರ ಸಾರ್ವಜನಿಕ ನೀರಿನ ತೊಟ್ಟಿಯನ್ನು ಖಾಲಿ ಮಾಡಿ ತೊಳೆಸುವುದು ನೇರ ಪ್ರಯೋಜನ ಕೊಡುತ್ತದೆ. ಚಪ್ಪೆ ರೋಗದ ರೀತಿ ಬೇರೆ. ಅದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನೊಂದಿಗೆ ಹೊಟ್ಟೆ ಸೇರುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೈತುಂಬಿಕೊಂಡ ರಾಸುಗಳಲ್ಲಿಯೇ ಇದು ಹೆಚ್ಚು. ತೊಡೆ ಅಥವಾ ಹೆಗಲು ಊದಿಕೊಳ್ಳುತ್ತದೆ. ಒತ್ತಿದರೆ ಒಳಗೆ ಗಾಳಿಯಿರುವಂತೆ ಚರಚರ ಸದ್ದಾಗುತ್ತದೆ. ಒಂದೆರಡು ದಿನಗಳಲ್ಲಿ ಸಾವು. ಪಕ್ಕದ ಹಸುವಿಗೆ ಇದು ಅಂಟುವುದಿಲ್ಲ, ಆದರೆ ಅದೇ ಗೋಮಾಳದಲ್ಲಿ ಮೇಯುವ ಎಲ್ಲ ಎಳೆಯ ರಾಸುಗಳಿಗೂ ಅದೇ ಅಪಾಯವಿರುತ್ತದೆ. ಆದುದರಿಂದ ಬೇರೆ ಕಟ್ಟುವುದಕ್ಕಿಂತ ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿಸುವುದೇ ಇದಕ್ಕೆ ದಾರಿ. ಗಂಟಲು ಊದಿ ಉಸಿರುಗಟ್ಟಿಸುವ ಗಳಲೆ ರೋಗಕ್ಕೂ ಲಸಿಕೆಯ ಕಾಲ ಮುಂಗಾರಿಗೆ ಮುಂಚೆಯೇ.

ಮೂರನೆಯ ಬಗೆ ಸೋಂಕಿಲ್ಲದ ರೋಗಗಳು. ಇವುಗಳಲ್ಲಿ ಹೆಸರೇ ದಾರಿ ತಪ್ಪಿಸುವುದು ‘ಹಾಲು ಜ್ವರ’. ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ರಕ್ತದ ಸುಣ್ಣದಂಶ ಒಮ್ಮೆಲೇ ಕುಸಿದು ನೆಲಕಚ್ಚುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಅದಕ್ಕೆ ಜ್ವರವೇ ಇರುವುದಿಲ್ಲ. ಕಿವಿ, ಕಾಲು ತಣ್ಣಗಿರುತ್ತವೆ. ಪಶುವೈದ್ಯರು ನರದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಅನೇಕ ಹಸುಗಳು ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಜ್ವರವೆಂದು ನಂಬಿ ಜ್ವರದ ಮಾತ್ರೆ ಅರೆದು ಕುಡಿಸುತ್ತ ರಾತ್ರಿ ಕಳೆದರೆ ಹಸು ಉಳಿಯುವುದಿಲ್ಲ.

ಬರಗಾಲದಲ್ಲಿ ಬಾಡಿದ ಅಥವಾ ಕೊಯ್ದ ಮೇಲೆ ಚಿಗುರಿದ ಎಳೆಯ ಜೋಳವನ್ನು ಹಸಿದ ದನಗಳು ಮೇಯ್ದರೆ, ಅದರಲ್ಲಿರುವ ಸಯನೈಡ್ ವಿಷದಿಂದ ಕೆಲವೇ ನಿಮಿಷಗಳಲ್ಲಿ ಬಿದ್ದು ಸಾಯಬಹುದು. ಒಂದೇ ಹೊಲದಲ್ಲಿ ನಾಲ್ಕು ರಾಸು ಸತ್ತಾಗ ಊರಿಗೆ ಊರೇ ‘ದೊಡ್ಡರೋಗ’ ಬಂತೆಂದು ಬೆದರುವುದು ಸಹಜ. ಆದರೆ ಇದಕ್ಕೆ ಪ್ರತಿವಿಷವಿದೆ, ಬೇಗ ಸಿಕ್ಕಿದರೆ ಉಳಿದವನ್ನು ಉಳಿಸಬಹುದು. ಆದುದರಿಂದ ಹಠಾತ್ ಸಾವುಗಳ ಸುದ್ದಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅವು ಕೊನೆಯದಾಗಿ ಎಲ್ಲಿ, ಏನು ಮೇಯ್ದಿದ್ದವು ಎಂಬುದು.

ರೋಗ ಕಾಣದ ದಿನಗಳು

ರೋಗಕಾರಕ ದೇಹ ಸೇರಿದ ದಿನಕ್ಕೂ ಮೊದಲ ಲಕ್ಷಣ ಕಾಣುವ ದಿನಕ್ಕೂ ನಡುವಿನ ಅವಧಿಯೇ ಅದಿಶಯನ ಕಾಲ. ಸರಳವಾಗಿ ‘ಕಾವಿನ ಅವಧಿ’ ಎನ್ನಬಹುದು. ಕಾಲುಬಾಯಿ ರೋಗಕ್ಕೆ ಇದು ಸಾಮಾನ್ಯವಾಗಿ 2ರಿಂದ 14 ದಿನ. ಚರ್ಮಗಂಟು ರೋಗದಲ್ಲಿ 4 ವಾರಗಳವರೆಗೂ ಹೋಗಬಹುದು. ಈ ಅವಧಿಯ ಕೊನೆಯಲ್ಲಿ, ಹುಣ್ಣು ಕಾಣುವ ಮೊದಲೇ, ಕಾಲುಬಾಯಿ ವೈರಾಣುವನ್ನು ಹಸು ಹೊರಹಾಕಲು ಆರಂಭಿಸಿರುತ್ತದೆ. ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಆರಿಸಿ ತಂದ ಎತ್ತು ಊರಿಗೆ ರೋಗ ತರುವುದು ಹೀಗೆ. ಕೊಂಡವರ ಕಣ್ಣಿನ ತಪ್ಪು ಅದರಲ್ಲಿ ಏನೂ ಇಲ್ಲ.

ಇಲ್ಲಿ ಎರಡು ಪದಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ರೋಗ ಕಂಡ ಪ್ರಾಣಿಯನ್ನು ಬೇರೆ ಕಟ್ಟುವುದು ಪ್ರತ್ಯೇಕಿಸುವಿಕೆ. ಆರೋಗ್ಯವಾಗಿಯೇ ಕಾಣುವ, ಆದರೆ ಹೊರಗಿನಿಂದ ಬಂದ ಪ್ರಾಣಿಯನ್ನು ಕಾವಿನ ಅವಧಿ ಕಳೆಯುವವರೆಗೆ ಬೇರೆ ಇಟ್ಟು ಗಮನಿಸುವುದು ಕ್ವಾರಂಟೈನ್. 2009ರ ಅಧಿನಿಯಮದ 5ನೇ ಪ್ರಕರಣ ಮೊದಲನೆಯದನ್ನು ಕಡ್ಡಾಯ ಕರ್ತವ್ಯವಾಗಿ ಹೇಳುತ್ತದೆ. ಎರಡನೆಯದು ಬಹುಪಾಲು ರೈತರ ತಿಳಿವಳಿಕೆಗೇ ಬಿಟ್ಟದ್ದು. ಮೂರು ನಾಲ್ಕು ವಾರ ಹೊಸ ರಾಸನ್ನು ಬೇರೆ ಕಟ್ಟಲು ಒಂದೇ ಕೊಟ್ಟಿಗೆಯ ಮನೆಯವರಿಗೆ ಕಷ್ಟವೆಂಬುದೂ ನಿಜ. ಬೇರೆ ಕೊಟ್ಟಿಗೆ ಇಲ್ಲದಿದ್ದರೆ ಕಡೇಪಕ್ಷ ನೀರಿನ ಬಕೆಟ್ಟು, ಗೋದಲಿ ಬೇರೆಯಿರಲಿ, ಹೊಸ ರಾಸಿನ ಹಾಲನ್ನು ಕೊನೆಗೆ ಕರೆಯಲಿ ಎಂದು ಹೇಳಬಹುದು.

ಲಕ್ಷಣವಿಲ್ಲದೆಯೇ ರೋಗಕಾರಕವನ್ನು ಹೊತ್ತು ಹರಡುವ ಪ್ರಾಣಿ ರೋಗವಾಹಕ. ಕಂದುರೋಗವಿರುವ ಹಸು ಒಮ್ಮೆ ಕಂದು ಹಾಕಿ, ನಂತರ ಗಬ್ಬವಾಗಿ ಕರು ಹಾಕಿ, ನೋಡಲು ಗಟ್ಟಿಮುಟ್ಟಾಗಿದ್ದುಕೊಂಡೇ ಹಾಲಿನಲ್ಲಿ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತಿರಬಹುದು. ರೋಗವಾಹಕ ಬೇರೆ, ರೋಗವನ್ನು ದಾಟಿಸುವ ಕೀಟ ಬೇರೆ. ಚರ್ಮಗಂಟು ರೋಗವನ್ನು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ದಾಟಿಸುತ್ತವೆ. ಅದಕ್ಕಾಗಿಯೇ ಆ ರೋಗದ ವಿಷಯದಲ್ಲಿ ತಿಪ್ಪೆ, ಚರಂಡಿ, ನಿಂತ ನೀರಿನ ಮಾತು ಬರುವುದು.

ರೋಗೋದ್ರೇಕ

ಒಂದು ಪ್ರದೇಶದಲ್ಲಿ ವರ್ಷವರ್ಷವೂ ಸ್ವಲ್ಪ ಮಟ್ಟಿಗೆ ಇದ್ದೇ ಇರುವ ರೋಗ ಸ್ಥಾನಿಕ ರೋಗ. ಎಂದಿನ ಮಟ್ಟವನ್ನು ಮೀರಿ, ಕಡಿಮೆ ಅವಧಿಯಲ್ಲಿ, ಹಲವು ಪ್ರಾಣಿಗಳಲ್ಲಿ ಕಂಡರೆ ಅದು ರೋಗೋದ್ರೇಕ. ಎಂದಿನ ಮಟ್ಟ ಎಷ್ಟು ಎಂಬುದು ತಿಳಿಯದೆ ಮೀರಿದೆಯೋ ಇಲ್ಲವೋ ಎಂದು ಹೇಳಲಾಗದು. ಆದುದರಿಂದಲೇ ಒಂದೊಂದೇ ಸಾವಿನ ವರದಿಗೂ ಬೆಲೆಯಿದೆ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ಯು ಜಾನುವಾರು ರೋಗಗಳ ಬಗ್ಗೆ ಜಿಲ್ಲಾವಾರು ಮುನ್ಸೂಚನೆ ನೀಡುತ್ತದೆ. ಹಳ್ಳಿಯಿಂದ ವರದಿಯೇ ಹೋಗದ ರೋಗ ಅಂತಹ ಲೆಕ್ಕದಲ್ಲಿ ಇಲ್ಲವೆಂದೇ ಆಗುತ್ತದೆ.

ಲೆಕ್ಕದ ಮಾತು ಬಂದಾಗ ಮೂರು ಪ್ರಮಾಣಗಳು ಬೆರೆತುಹೋಗುತ್ತವೆ. ಒಂದು ಗ್ರಾಮದಲ್ಲಿ 400 ದನಗಳಿವೆ, 80ಕ್ಕೆ ಕಾಲುಬಾಯಿ ರೋಗ ಬಂತು, 4 ಸತ್ತವು ಎಂದಿಟ್ಟುಕೊಳ್ಳೋಣ. ರೋಗ ತಗುಲಿದ ಪ್ರಮಾಣ ಶೇ. 20. ಒಟ್ಟು ದನಗಳಲ್ಲಿ ಸತ್ತ ಪ್ರಮಾಣ ಶೇ. 1. ರೋಗ ಬಂದವುಗಳಲ್ಲಿ ಸತ್ತ ಪ್ರಮಾಣ ಶೇ. 5. ‘ಸತ್ತದ್ದು ಶೇಕಡಾ ಒಂದೇ’ ಎಂಬ ವಾಕ್ಯ ಸುಳ್ಳಲ್ಲ, ಆದರೆ ಹಾಲಿನ ಆದಾಯ ಕಳೆದುಕೊಂಡ, ಉಳುಮೆಗೆ ಎತ್ತು ಇಲ್ಲದಾದ ಉಳಿದ 76 ರಾಸುಗಳ ಮನೆಗಳ ಕಥೆ ಅದರಲ್ಲಿ ಕಾಣುವುದಿಲ್ಲ. ಕಾಲುಬಾಯಿ ರೋಗದಲ್ಲಿ ಬೆಳೆದ ದನಗಳು ಸಾಯುವುದು ಕಡಿಮೆ. ಕರುಗಳ ಹೃದಯದ ಸ್ನಾಯುವಿಗೆ ವೈರಾಣು ತಗುಲುವುದರಿಂದ ಅವು ಹೆಚ್ಚಾಗಿ ಸಾಯುತ್ತವೆ. ಎಷ್ಟೋ ಬಾರಿ ಕರುವಿನ ಸಾವನ್ನು ಯಾರೂ ಲೆಕ್ಕಕ್ಕೆ ಬರೆಸುವುದಿಲ್ಲ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಹರಡಿದ ಕಾಲುಬಾಯಿ ರೋಗ ಬೆಳೆದ ರಾಸುಗಳನ್ನೂ ಬಿಡಲಿಲ್ಲ ಎಂಬುದನ್ನು ಆ ಭಾಗದ ಹೈನುಗಾರರು ಇನ್ನೂ ಮರೆತಿರಲಾರರು.

ಪಂಚಾಯಿತಿಯಿಂದ ಹೋಗುವ ವರದಿಯಲ್ಲಿ ಗ್ರಾಮದ ಹೆಸರು, ಪ್ರಾಣಿಯ ಜಾತಿ ಮತ್ತು ವಯಸ್ಸು, ಮೊದಲ ಲಕ್ಷಣ ಕಂಡ ದಿನಾಂಕ, ರೋಗ ಬಂದವು ಎಷ್ಟು, ಸತ್ತವು ಎಷ್ಟು, ಆ ಊರಿನಲ್ಲಿ ಒಟ್ಟು ಎಷ್ಟಿವೆ, ಇತ್ತೀಚೆಗೆ ಹೊರಗಿನಿಂದ ರಾಸು ಬಂದಿತ್ತೇ, ವಲಸೆ ಕುರಿ ಹಿಂಡು ಬೀಡುಬಿಟ್ಟಿತ್ತೇ ಎಂಬಷ್ಟು ಇದ್ದರೆ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ. ಪತ್ರ ತಲುಪುವವರೆಗೆ ಕಾಯದೆ 1962 ಸಹಾಯವಾಣಿಗೆ ಕರೆ ಮಾಡಬಹುದು. ಸಂತೆ, ಜಾತ್ರೆ ನಿಲ್ಲಿಸಬೇಕೇ ಎಂಬ ತೀರ್ಮಾನ, ‘ನಿಯಂತ್ರಿತ ಪ್ರದೇಶ’ ಎಂಬ ಘೋಷಣೆ ಇವು ಮೇಲಿನ ಹಂತದವು. ಆದರೆ ಆ ತೀರ್ಮಾನಕ್ಕೆ ಆಧಾರ ಕೆಳಗಿನ ಈ ವರದಿಯೇ.

ಲಸಿಕೆ ಎಂದರೇನು, ಏನಲ್ಲ

ಲಸಿಕೆಯೆಂದರೆ ಸತ್ತ ಅಥವಾ ಬಲಗುಂದಿಸಿದ ರೋಗಕಾರಕವನ್ನು ದೇಹಕ್ಕೆ ಪರಿಚಯಿಸಿ, ನಿಜವಾದ ರೋಗ ಬರುವ ಮೊದಲೇ ದೇಹವನ್ನು ಸಿದ್ಧಗೊಳಿಸುವ ವಿಧಾನ. ಅದು ಔಷಧವಲ್ಲ, ಬಂದ ರೋಗವನ್ನು ಅದು ಗುಣಪಡಿಸುವುದಿಲ್ಲ. ಹಾಕಿದ ಮರುದಿನವೇ ರಕ್ಷಣೆಯೂ ಸಿಗುವುದಿಲ್ಲ. ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಸುಮಾರು ಎರಡು ಮೂರು ವಾರ ಬೇಕು. ಪಕ್ಕದ ಮನೆಗೆ ರೋಗ ಬಂದ ಮೇಲೆ ಗಾಬರಿಯಿಂದ ಹಾಕಿಸಿದ ಲಸಿಕೆಯ ಐದನೆಯ ದಿನ ಹಸುವಿಗೆ ಹುಣ್ಣು ಕಂಡರೆ, ಲಸಿಕೆ ಹಾಕುವಾಗಲೇ ಅದು ಕಾವಿನ ಅವಧಿಯಲ್ಲಿತ್ತು ಎಂದೇ ಬಹುತೇಕ ಅರ್ಥ. ಲಸಿಕೆಯಿಂದಲೇ ರೋಗ ಬಂತು ಎಂಬ ಮಾತು ಹುಟ್ಟುವುದು ಇಂತಹ ಸಂದರ್ಭಗಳಲ್ಲಿ.

ಪ್ರತಿ ಲಸಿಕೆಯೂ ತನ್ನ ರೋಗಕ್ಕೆ ಮಾತ್ರ. ಕಾಲುಬಾಯಿ ಲಸಿಕೆ ಹಾಕಿಸಿದ ಹಸುವಿಗೆ ಚರ್ಮಗಂಟು ರೋಗ ಬಂದರೆ ಮೊದಲನೆಯದು ವಿಫಲವಾಯಿತೆಂದು ಅರ್ಥವಲ್ಲ. ಚರ್ಮಗಂಟು ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 2019ರಲ್ಲಿ, ಒಡಿಶಾದಲ್ಲಿ. 2022ರಲ್ಲಿ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳಲ್ಲಿ ಹರಡಿದಾಗ ಅದಕ್ಕೆ ಬಳಸಿದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಾಣುಗಳು ಒಂದೇ ಕುಲಕ್ಕೆ ಸೇರಿರುವುದರಿಂದ ಇದು ಸಾಧ್ಯವಾಯಿತು. ಹಸುವಿಗೆ ಮೇಕೆಯ ಲಸಿಕೆ ಹಾಕುತ್ತಾರೆಂದು ಆಗ ಕೆಲವೆಡೆ ಎದ್ದ ಆಕ್ಷೇಪಕ್ಕೆ ಉತ್ತರ ಇಷ್ಟೇ ಆಗಿತ್ತು.

ಕಾಲುಬಾಯಿ ರೋಗದ ವೈರಾಣುವಿನಲ್ಲೇ ಹಲವು ಬಗೆಗಳಿದ್ದು, ಭಾರತದಲ್ಲಿ ಓ, ಎ ಮತ್ತು ಏಷ್ಯಾ-1 ಎಂಬವು ಕಂಡುಬಂದಿವೆ. ಒಂದು ಬಗೆ ಬಂದು ಹೋದರೆ ಇನ್ನೊಂದರಿಂದ ರಕ್ಷಣೆಯಿಲ್ಲ. ‘ಒಮ್ಮೆ ಬಂದು ಹೋಗಿದೆ, ಮತ್ತೆ ಬಾರದು’ ಎಂಬ ನಂಬಿಕೆಗೆ ಆಧಾರವಿಲ್ಲ. ಲಸಿಕೆಯ ಪ್ರಭಾವವೂ ತಿಂಗಳುಗಳ ನಂತರ ಕುಗ್ಗುತ್ತದೆ. ಆದುದರಿಂದಲೇ 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಲಾಗುತ್ತದೆ. ಅದೇ ಕಾರ್ಯಕ್ರಮದ ಕಂದುರೋಗ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ. ಕುರಿ ಮೇಕೆಗಳ ಪಿಪಿಆರ್ ಲಸಿಕೆಯ ರಕ್ಷಣೆ ಸುಮಾರು ಮೂರು ವರ್ಷ. ಕಿವಿಗೆ ಹಾಕುವ 12 ಅಂಕಿಯ ಹಳದಿ ಓಲೆ ಇರುವುದು ಈ ಲೆಕ್ಕವನ್ನು ಇಡುವುದಕ್ಕೆ. ಓಲೆ ಕಿತ್ತುಹಾಕಿದ ಹಸುವಿನ ಲಸಿಕೆಯ ಇತಿಹಾಸವನ್ನು ಯಾರೂ ಹೇಳಲಾರರು. ಮೊದಲು ಹೇಳಿದ ‘ಇಂಜೆಕ್ಷನ್ ಹಾಕಿಸಿದ್ದೆವು’ ಎಂಬ ದೂರನ್ನು ಪರಿಶೀಲಿಸಲು ಇರುವ ಸಾಧನವೂ ಅದೇ.

ಹಿಂಡಿನ ರಕ್ಷಣೆ ಎಂಬ ಪದವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಊರಿನ ಹೆಚ್ಚಿನ ರಾಸುಗಳಿಗೆ ರೋಗನಿರೋಧಕ ಶಕ್ತಿ ಇದ್ದಾಗ ವೈರಾಣುವಿಗೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗದೆ, ಲಸಿಕೆ ಸಿಗದ ಎಳೆಗರುವೂ ಉಳಿಯುತ್ತದೆ. ನೂರಕ್ಕೆ 80ಕ್ಕಿಂತ ಹೆಚ್ಚು ರಾಸುಗಳನ್ನು ತಲುಪುವ ಗುರಿ ಇರುವುದು ಈ ಕಾರಣಕ್ಕೆ. ಹತ್ತು ಮನೆಗಳು ನಿರಾಕರಿಸಿದರೆ ಅಪಾಯ ಆ ಹತ್ತು ಮನೆಗಳದ್ದು ಮಾತ್ರ ಆಗಿರುವುದಿಲ್ಲ. ನಿರಾಕರಣೆಗೆ ಸಾಮಾನ್ಯ ಕಾರಣ ಹಾಲು ಇಳಿಯುತ್ತದೆ ಎಂಬುದು. ಒಂದೆರಡು ದಿನ ತುಸು ಇಳಿಯುವುದುಂಟು. ಅದನ್ನು ಮುಚ್ಚಿಡುವುದಕ್ಕಿಂತ ಮೊದಲೇ ಹೇಳಿದರೆ ಜನರ ನಂಬಿಕೆ ಉಳಿಯುತ್ತದೆ. ಗಬ್ಬದ ರಾಸಿಗೆ ಹಾಕಬೇಕೇ ಎಂಬುದನ್ನು ಪಶುವೈದ್ಯರೇ ತೀರ್ಮಾನಿಸಲಿ. ಬಿಟ್ಟುಹೋದ ರಾಸುಗಳನ್ನು ಕರು ಹಾಕಿದ ಮೇಲೆ ತಪ್ಪದೆ ಹಿಡಿಯಬೇಕು.

ಶೀತಲ ಸರಪಳಿ ಎಂದರೆ ತಯಾರಿಕೆಯಿಂದ ಕೊಟ್ಟಿಗೆಯವರೆಗೆ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುವ ವ್ಯವಸ್ಥೆ. ಬಿಸಿಲಿಗೆ ಸಿಕ್ಕಿದರೂ, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದರೂ ಕಾಲುಬಾಯಿ ಲಸಿಕೆ ಕೆಡುತ್ತದೆ. ಸೀಸೆಯನ್ನು ನೋಡಿ ಅದನ್ನು ಹೇಳಲಾಗದು. ಲಸಿಕೆ ತಂಡ ಬರುವ ದಿನ ವಿದ್ಯುತ್ ಇರುವ ಒಂದು ಫ್ರಿಜ್ ಮತ್ತು ರಾಸುಗಳನ್ನು ಕಟ್ಟಲು ನೆರಳಿನ ಜಾಗವನ್ನು ಪಂಚಾಯಿತಿ ಒದಗಿಸುವುದು ಸಣ್ಣ ಕೆಲಸವಲ್ಲ.

ಇಷ್ಟು ಪಟ್ಟು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಹಳಬರ ‘ದೊಡ್ಡರೋಗ’ವೇ ಸಾಕ್ಷಿ. ರಿಂಡರ್‌ಪೆಸ್ಟ್ ಎಂಬ ಆ ರೋಗದ ವಿರುದ್ಧ ಹೋರಾಡಲೆಂದು ಮೈಸೂರು ಸಂಸ್ಥಾನ 1925ರಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಈಗ ಲಸಿಕೆ ತಯಾರಿಸುತ್ತಿರುವ ಸಂಸ್ಥೆ ಅದರದೇ ಮುಂದುವರಿಕೆ. ಭಾರತ 2006ರಲ್ಲಿ ಆ ಸೋಂಕಿನಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಅದು ಇಡೀ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಆದುದರಿಂದ ಇಂದಿನ ಯಾವ ವರದಿಯಲ್ಲೂ ‘ದೊಡ್ಡರೋಗ’ ಎಂಬ ಪದ ಬರಬಾರದು.

ಚಿಕಿತ್ಸೆಯ ಪದಗಳು

ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ತಡೆಯುವ ಔಷಧ ಪ್ರತಿಜೈವಿಕ, ಅಂದರೆ ಆ್ಯಂಟಿಬಯಾಟಿಕ್. ಕಾಲುಬಾಯಿ, ಚರ್ಮಗಂಟು ಮುಂತಾದ ವೈರಾಣು ರೋಗಗಳ ಮೇಲೆ ಇದು ನೇರವಾಗಿ ಕೆಲಸ ಮಾಡದು. ಹುಣ್ಣುಗಳಲ್ಲಿ ಆಮೇಲೆ ಸೇರಿಕೊಳ್ಳುವ ಬ್ಯಾಕ್ಟೀರಿಯಾವನ್ನು ತಡೆಯಲು ಪಶುವೈದ್ಯರು ಕೊಡಬಹುದು, ಅದೂ ಅಗತ್ಯವಿದ್ದಾಗ. ಜ್ವರ ಇಳಿಸುವುದು, ಗ್ಲೂಕೋಸ್ ಕೊಡುವುದು, ಹುಣ್ಣು ತೊಳೆಯುವುದು, ಮೆತ್ತಗಿನ ಗಂಜಿ ತಿನ್ನಿಸುವುದು ಇವು ಪೋಷಕ ಚಿಕಿತ್ಸೆ. ವೈರಾಣು ರೋಗಗಳಲ್ಲಿ ರಾಸು ಉಳಿಯುವುದು ಹೆಚ್ಚಾಗಿ ಇದರಿಂದಲೇ.

ಪ್ರತಿಜೈವಿಕವನ್ನು ಅರ್ಧಕ್ಕೆ ಬಿಟ್ಟರೆ, ಅಳತೆ ತಪ್ಪಿದರೆ, ಬೇಡದಿದ್ದಾಗ ಕೊಟ್ಟರೆ, ಉಳಿದುಕೊಂಡ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಇದನ್ನು ಔಷಧ ಪ್ರತಿರೋಧ ಎನ್ನುತ್ತಾರೆ. ಮನುಷ್ಯರಿಗೆ ಕೊನೆಯ ಅಸ್ತ್ರವೆಂದು ಉಳಿಸಿಕೊಂಡಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಚಿಕಿತ್ಸೆ ಮುಗಿದ ಮೇಲೂ ಔಷಧದ ಅಂಶ ಕೆಲವು ದಿನ ಹಾಲಿನಲ್ಲಿ ಇಳಿಯುತ್ತಿರುತ್ತದೆ. ಆ ದಿನಗಳ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು. ಇದನ್ನು ಹಾಲು ತಡೆಯುವ ಅವಧಿ ಎನ್ನಬಹುದು. ಎಷ್ಟು ದಿನ ಎಂಬುದು ಔಷಧದ ಸೀಸೆಯ ಮೇಲೆ ಅಚ್ಚಾಗಿರುತ್ತದೆ. ಕೆಚ್ಚಲು ಬಾವಿಗೆ ಔಷಧ ಹಾಕಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡದಿರುವುದನ್ನು ಗೃಹಿಣಿಯರು ಗಮನಿಸಿಯೇ ಇರುತ್ತಾರೆ: ಹೆಪ್ಪಿನ ಉಪಯುಕ್ತ ಬ್ಯಾಕ್ಟೀರಿಯಾವನ್ನೂ ಔಷಧ ಬಿಡುವುದಿಲ್ಲ.

ನೋವುನಿವಾರಕಗಳ ಬಗ್ಗೆ ಒಂದು ಮಾತು. ಡೈಕ್ಲೋಫೆನಾಕ್ ಪಡೆದ ಹಸು ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು ತಿಳಿದ ಮೇಲೆ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಲ್ಲಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ನಿಷಿದ್ಧವಾದವು. ಮೆಲಾಕ್ಸಿಕ್ಯಾಂ ಹದ್ದುಗಳಿಗೆ ಅಪಾಯವಿಲ್ಲದ್ದು. ರಾಮನಗರದ ರಾಮದೇವರ ಬೆಟ್ಟದ ಸುತ್ತಲಿನ ಪಂಚಾಯಿತಿಗಳಿಗೆ ಇದು ಹತ್ತಿರದ ವಿಷಯ. ಹೆಣ ತಿಂದು ಮುಗಿಸುವ ಹದ್ದುಗಳು ಕಡಿಮೆಯಾದೆಡೆ ಆ ಹೆಣಗಳು ಬೀದಿನಾಯಿಗಳ ಪಾಲಾಗುತ್ತವೆ. ಅಲ್ಲಿಂದ ಮಾತು ಮತ್ತೆ ರೇಬೀಸ್‌ಗೆ ಬರುತ್ತದೆ.

ಪ್ರಾಣಿಜನ್ಯ ರೋಗ ಮತ್ತು ಶವ ವಿಲೇವಾರಿ

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗ ಪ್ರಾಣಿಜನ್ಯ ರೋಗ. ಕಾಲುಬಾಯಿ, ಚರ್ಮಗಂಟು ರೋಗಗಳಿಂದ ಮನುಷ್ಯರಿಗೆ ಭಯವಿಲ್ಲ. ರೇಬೀಸ್, ಕಂದುರೋಗ, ಆಂತ್ರಾಕ್ಸ್‌ಗಳಿಂದ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯೂ ಈ ಗುಂಪಿನದೇ. ಅಲ್ಲಿ ಮಂಗಗಳ ಸಾವೇ ಮನುಷ್ಯರಿಗೆ ಸಿಗುವ ಮುನ್ನೆಚ್ಚರಿಕೆ.

ಕಂದುರೋಗದಲ್ಲಿ ಹಸು ಸಾಮಾನ್ಯವಾಗಿ ಐದು ತಿಂಗಳ ನಂತರ ಕಂದು ಹಾಕುತ್ತದೆ, ಕಸ ಬೀಳುವುದು ತಡವಾಗುತ್ತದೆ. ಆ ಕಸ, ಸತ್ತ ಕರು, ಸ್ರಾವ ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಬರಿಗೈಯಿಂದ ಕಸ ಎಳೆದವರಿಗೆ, ಹಸಿ ಹಾಲು ಕುಡಿದವರಿಗೆ ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು ಬರಬಹುದು. ಹಸುವಿನ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ನಮ್ಮ ಅನೇಕ ಊರುಗಳಲ್ಲಿದೆ. ಆ ನಂಬಿಕೆಯನ್ನು ಟೀಕಿಸುವ ಅಗತ್ಯ ಇಲ್ಲಿಲ್ಲ. ಕಂದು ಹಾಕಿದ ಹಸುವಿನ ಕಸವನ್ನು ಮಾತ್ರ ಮರಕ್ಕೆ ಕಟ್ಟದೆ, ಕೈಗವಸು ಹಾಕಿ ಆಳವಾಗಿ ಹೂಳಬೇಕೆಂದು ಹೇಳಿದರೆ ಹಿರಿಯರು ಒಪ್ಪುತ್ತಾರೆ.

ಆಂತ್ರಾಕ್ಸ್‌ನಲ್ಲಿ ರಾಸು ಯಾವ ಸೂಚನೆಯೂ ಇಲ್ಲದೆ ಸಾಯಬಹುದು. ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತದೆ, ಹೊಟ್ಟೆ ಬೇಗ ಉಬ್ಬುತ್ತದೆ, ಹೆಣ ಸೆಟೆದುಕೊಳ್ಳುವುದಿಲ್ಲ. ಇಂತಹ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸ ಹಂಚಿಕೊಳ್ಳಬಾರದು. ಕಾರಣ ಸ್ಪಷ್ಟವಿದೆ: ಮುಚ್ಚಿದ ಹೆಣದೊಳಗೆ ಆ ಬ್ಯಾಕ್ಟೀರಿಯಾ ಕೊಳೆಯುವಿಕೆಯಿಂದ ಬಹುಪಾಲು ತಾನೇ ಸಾಯುತ್ತದೆ; ಹೊರಗಿನ ಗಾಳಿ ತಗುಲಿದರೆ ಮಾತ್ರ ಬೀಜಾಣುವಾಗಿ ಗಟ್ಟಿಯಾಗುತ್ತದೆ. ಬೀಜಾಣು ಎಂದರೆ ಬಿಸಿಲು, ಬರ, ಮಳೆಗಳನ್ನು ತಡೆದು ಮಣ್ಣಿನಲ್ಲಿ ದಶಕಗಳವರೆಗೆ ಕಾದು ಕೂರುವ ಅದರ ರೂಪ. ಕತ್ತಿಯ ಒಂದು ಗೀರು ಒಂದು ರಾಸಿನ ಸಾವನ್ನು ಆ ಗೋಮಾಳದ ಮುಂದಿನ ತಲೆಮಾರಿನ ಸಮಸ್ಯೆಯಾಗಿಸುತ್ತದೆ. ಈ ರೋಗಕ್ಕೆ ಬಾಧಿತ ಪ್ರದೇಶಗಳಲ್ಲಿ ವರ್ಷಕ್ಕೊಮ್ಮೆ ಹಾಕುವ ಲಸಿಕೆಯೂ ಬಲಗುಂದಿಸಿದ ಜೀವಂತ ಬೀಜಾಣುಗಳದ್ದೇ. ಅದರೊಂದಿಗೆ ಪ್ರತಿಜೈವಿಕ ಕೊಟ್ಟರೆ ಲಸಿಕೆಯೇ ಸತ್ತುಹೋಗುತ್ತದೆ ಎಂಬುದನ್ನು ‘ಎರಡೂ ಇಂಜೆಕ್ಷನ್ ಒಟ್ಟಿಗೆ ಹಾಕಿಬಿಡಿ’ ಎಂದು ಕೇಳುವವರಿಗೆ ತಿಳಿಸಬೇಕು.

ಹೆಣವನ್ನು ಪಶುವೈದ್ಯರ ಸೂಚನೆಯಂತೆ ಸುಡಬೇಕು ಅಥವಾ ಕೆರೆ, ಬಾವಿ, ಹಳ್ಳಗಳಿಂದ ದೂರದಲ್ಲಿ ಕನಿಷ್ಠ ಆರು ಅಡಿ ಆಳದ ಗುಂಡಿಯಲ್ಲಿ, ರಕ್ತ ಬಿದ್ದ ಮಣ್ಣು ಮತ್ತು ಹುಲ್ಲಿನ ಸಮೇತ ಹೂಳಬೇಕು. ಎಳೆದುಕೊಂಡು ಹೋಗುವಾಗ ನೆಲಕ್ಕೆ ರಕ್ತ ಸುರಿಯದಂತೆ ಮೂಗು, ಬಾಯಿ, ಗುದದ್ವಾರಗಳನ್ನು ಔಷಧದಲ್ಲಿ ನೆನೆಸಿದ ಬಟ್ಟೆಯಿಂದ ಮುಚ್ಚಲಾಗುತ್ತದೆ. ಗುಂಡಿಯ ಸುತ್ತ ಮುಳ್ಳುಬೇಲಿ ಹಾಕಿ ಅಲ್ಲಿ ಮೇಯಿಸದಂತೆ ತಡೆಯಬೇಕು. ಬಹಳಷ್ಟು ಕಡೆ ಕೆಲಸ ಇಲ್ಲಿಗೆ ಮುಗಿಯುತ್ತದೆ. ಐದು ವರ್ಷಗಳಲ್ಲಿ ಬೇಲಿ ಹೋಗುತ್ತದೆ, ಹೂಳಿದವರು ಮರೆಯುತ್ತಾರೆ, ಸದಸ್ಯರು ಬದಲಾಗುತ್ತಾರೆ. ಆಮೇಲೊಂದು ದಿನ ಅದೇ ಜಾಗದಲ್ಲಿ ಉದ್ಯೋಗ ಖಾತರಿಯ ಕೃಷಿಹೊಂಡಕ್ಕೋ ಬದುವಿಗೋ ಗುರುತು ಹಾಕಲಾಗುತ್ತದೆ, ಕೂಲಿಕಾರರು ಬರಿಗಾಲಲ್ಲಿ ಗುಂಡಿಗೆ ಇಳಿಯುತ್ತಾರೆ. ಆದುದರಿಂದ ಹೂಳಿದ ದಿನವೇ ಸರ್ವೆ ನಂಬರು, ಹತ್ತಿರದ ಗುರುತು, ಗುಂಡಿಯ ಅಳತೆ, ಮೊಬೈಲ್‌ನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಶಂಕಿತ ರೋಗದ ಹೆಸರು ಮತ್ತು ದಿನಾಂಕವನ್ನು ಪಂಚಾಯಿತಿಯ ವಹಿಯಲ್ಲಿ ಬರೆದಿಡಬೇಕು. ಪ್ರಯೋಗಾಲಯದ ಫಲಿತಾಂಶ ಬಂದ ಮೇಲೆ ಅದನ್ನೂ ಅದೇ ಪುಟದಲ್ಲಿ ಸೇರಿಸಬೇಕು. ಕ್ರಿಯಾಯೋಜನೆಗೆ ಕಾಮಗಾರಿಗಳ ಸ್ಥಳ ಆರಿಸುವ ಸಭೆಯಲ್ಲಿ ಆ ವಹಿ ಮೇಜಿನ ಮೇಲಿರಬೇಕು.